ದೋಣಿ ಎಂಜಿನ್ನಿನ ಕಾರ್ಬೊರೇಟರ್ ಸೋರುತ್ತಿತ್ತು, ಮೂರು ದಿನ ಹಿಡಿದು ರಿಪೇರಿ ಮಾಡಿದೆ

ಮಳೆಗಾಲ ಮುಗಿಸಿ ದೋಣಿ ಇಳಿಸಿದ ಮಾರನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ, ದೋಣಿ ಕಟ್ಟುವ ಮರದ ಬುಡದಲ್ಲಿ ನೀರಿನ ಮೇಲೆ ಬಣ್ಣ. ನೀಲಿ, ನೇರಳೆ, ಹಳದಿ. ಗಾಳಿ ಇರಲಿಲ್ಲ, ಹಿನ್ನೀರು ಅಲುಗಾಡದೆ ನಿಂತಿತ್ತು, ಹಾಗಾಗಿ ಆ ಬಣ್ಣ ಎಂಜಿನ್ನಿನ ಅಡಿಯಿಂದ ಶುರುವಾಗಿ ದಡದ ಕಲ್ಲಿನ ತನಕ ಹರಡಿದ್ದು ಚೆನ್ನಾಗಿ ಕಾಣುತ್ತಿತ್ತು. ಹತ್ತಿರ ಹೋದರೆ ಪೆಟ್ರೋಲ್ ವಾಸನೆ. ಅಲ್ಲಿಂದ ಹತ್ತು ಮಾರು ಆಚೆ ನಮ್ಮ ದನ ನೀರಿಗೆ ಇಳಿಯುವ ಜಾಗ. ಎದೆ ಧಸಕ್ಕೆಂದಿತು. ಮೊದಲು ದನ ಆ ಕಡೆ ಬರದ ಹಾಗೆ ದಣಪೆ ಹಾಕಿಸಿದೆ, ಆಮೇಲೆ ಎಂಜಿನ್ ಬಿಚ್ಚಿ ಹೆಗಲ ಮೇಲೆ ಹೊತ್ತು ಮನೆಗೆ ತಂದೆ.

ನಮ್ಮದು ಸಾಗರ ತಾಲೂಕು, ಶರಾವತಿ ಹಿನ್ನೀರಿನ ದಂಡೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆದಾಗ ಕಣಿವೆಯ ಗದ್ದೆ ತೋಟ ಎಲ್ಲ ಮುಳುಗಿತು. ಗುಡ್ಡಗಳು ಮಾತ್ರ ನೀರಿನ ಮೇಲೆ ಉಳಿದವು. ನಮ್ಮ ತೋಟದ ಒಂದು ತುಂಡು ಹಾಗೆ ನೀರಿನ ಆಚೆ ದಡದಲ್ಲಿದೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾದ ಮೇಲೆ ನೆಂಟರೆಲ್ಲ "ಇನ್ನೆಂತಕ್ಕೆ ಮಾರಾಯ ದೋಣಿ?" ಅಂತ ಕೇಳುತ್ತಾರೆ. ಸೇತುವೆಯಿಂದ ಸಿಗಂದೂರು ತುಮರಿ ಕಡೆಯವರಿಗೆ ದೊಡ್ಡ ಉಪಕಾರ ಆಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ತೋಟ ಇರುವುದು ಬೇರೆ ಕವಲಿನಲ್ಲಿ. ರಸ್ತೆಯಲ್ಲಿ ಸುತ್ತಿ ಹೋದರೆ ಒಂದೂವರೆ ಗಂಟೆ, ದೋಣಿಯಲ್ಲಿ ಹದಿನೈದು ನಿಮಿಷ. ಅಡಿಕೆ ಕೊನೆ ತೆಗೆಯುವ ಕಾಲ ಬೇರೆ. ದೋಣಿ ಇಲ್ಲದಿದ್ದರೆ ಆಗುವುದಿಲ್ಲ.

ಎಂಜಿನ್ 8 ಎಚ್‌ಪಿ, ಟೂ ಸ್ಟ್ರೋಕ್ ಔಟ್‌ಬೋರ್ಡ್, ಒಂದೇ ಕಾರ್ಬೊರೇಟರ್, ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ. ಔಟ್‌ಬೋರ್ಡ್ ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವುದು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು, 50ಕ್ಕೆ 1, ಅಂದರೆ ಲೀಟರಿಗೆ 20 ಮಿಲಿ. ಟ್ಯಾಂಕ್ ಬೇರೆಯೇ ಇದೆ, 12 ಲೀಟರಿನದು, ದೋಣಿಯ ತಳದಲ್ಲಿ ಇಡುತ್ತೇವೆ. ಅಲ್ಲಿಂದ ಪೈಪ್, ನಡುವೆ ಒತ್ತುವ ರಬ್ಬರ್ ಬಲ್ಬ್, ಕೊನೆಗೆ ಎಂಜಿನ್ನಿಗೆ ಸಿಕ್ಕಿಸುವ ಕನೆಕ್ಟರ್.

ಇಲ್ಲಿ ಒಂದು ವಿಷಯ ಮೊದಲ ದಿನದಿಂದಲೇ ತಲೆ ಕೊರೆಯುತ್ತಿತ್ತು. ಟ್ಯಾಂಕ್ ಇರುವುದು ಕೆಳಗೆ. ಕಾರ್ಬೊರೇಟರ್ ಇರುವುದು ಅದಕ್ಕಿಂತ ಎರಡು ಅಡಿ ಮೇಲೆ. ಎಂಜಿನ್ ಆಫ್ ಆಗಿದೆ, ಪೆಟ್ರೋಲ್ ಎಳೆಯುವ ಪಂಪ್ ನಡೆಯುತ್ತಿಲ್ಲ. ಹಾಗಿದ್ದ ಮೇಲೆ ಪೆಟ್ರೋಲ್ ತಾನೇ ತಾನಾಗಿ ಮೇಲೆ ಹತ್ತಿ ಸೋರಿದ್ದು ಹೇಗೆ? ಕಾರ್ಬೊರೇಟರಿನ ಅಡಿಯ ಬಟ್ಟಲಲ್ಲಿ ಇದ್ದಷ್ಟು ಸೋರಿದ್ದರೆ ನಾಲ್ಕು ಚಮಚ ಆಗಬಹುದು. ಟ್ಯಾಂಕಿನಲ್ಲಿ ಕಡಿಮೆಯಾಗಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಉತ್ತರ ಸಿಕ್ಕಿದ್ದು ಮೂರನೇ ದಿನ.

ಕೆಲಸಕ್ಕೆ ಮೊದಲು ಜಾಗದ ಮಾತು. ನಾನು ಯಾವತ್ತೂ ರಿಪೇರಿ ಮಾಡುವುದು ಕೊಟ್ಟಿಗೆ ಪಕ್ಕದ ಮಾಡಿನಲ್ಲಿ. ಎಂಜಿನ್ ಅಲ್ಲಿ ಇಳಿಸುವಷ್ಟರಲ್ಲಿ ಅಮ್ಮ ಒಳಗಿಂದ ಕೂಗಿದರು, "ಬಚ್ಚಲ ಒಲೆಯಲ್ಲಿ ಬೆಂಕಿ ಇದೆ, ಎಂತ ಮಾಡ್ತಾ ಇದ್ದೀಯ ಅಲ್ಲಿ?" ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ, ನೆಲದ ಮೇಲೆ ನೀರಿನ ಹಾಗೆ ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ನಮ್ಮ ಮಾಡಿನಿಂದ ಬಚ್ಚಲಿಗೆ ಇಳಿಜಾರು, ನಡುವೆ ಬಾಗಿಲೂ ಇಲ್ಲ. ಎಲ್ಲವನ್ನೂ ಎತ್ತಿಕೊಂಡು ಅಂಗಳದ ಆಚೆ ತುದಿಗೆ ಹೋದೆ, ಅಡಿಕೆ ಚಪ್ಪರದ ಅಡಿಗೆ. ಮರಳು ತುಂಬಿದ ಬಕೆಟ್ ಪಕ್ಕದಲ್ಲಿ ಇಟ್ಟುಕೊಂಡೆ. ದೋಣಿಯಲ್ಲೂ ಇದೇ ಕಥೆ, ಸೋರಿದ ಪೆಟ್ರೋಲಿನ ಆವಿ ದೋಣಿಯ ತಳದಲ್ಲೇ ಕೂರುತ್ತದೆ, ಅದರ ಮೇಲೆ ಯಾರೋ ಬೀಡಿ ಹಚ್ಚಿದರೆ ಮುಗಿಯಿತು. ಸೋರಿಕೆ ಚಿಕ್ಕದು ಅಂತ ಬಿಡಬಾರದು ಅನ್ನುವುದು ಇದಕ್ಕೇ.

ಸೋರುವ ಜಾಗ ಹುಡುಕುವುದಕ್ಕೆ ಮೊದಲು ಎಲ್ಲವನ್ನೂ ಒಣಗಿಸಬೇಕು. ಎಂಜಿನ್ ಪೂರ್ತಿ ಒದ್ದೆಯಾಗಿದ್ದರೆ ಎಲ್ಲೆಲ್ಲೂ ಸೋರುತ್ತಿರುವ ಹಾಗೇ ಕಾಣುತ್ತದೆ. ಮೇಲಿನ ಮುಚ್ಚಳ ತೆಗೆದು, ಸೋಪಿನ ನೀರು ಹಾಕಿ ಬ್ರಷ್‌ನಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಒಂದು ಗಂಟೆ ಗಾಳಿಗೆ ಬಿಟ್ಟೆ. ಆಮೇಲೆ ಕಾರ್ಬೊರೇಟರಿನ ಸುತ್ತ, ಪೈಪಿನ ಜಾಯಿಂಟ್‌ಗಳಿಗೆ, ಕನೆಕ್ಟರಿಗೆ ಮಕ್ಕಳ ಸೀಮೆಸುಣ್ಣ ಪುಡಿ ಮಾಡಿ ಉದುರಿಸಿದೆ. ಅಡಿಗೆ ಹಳೇ ಪೇಪರ್ ಹಾಸಿದೆ. ನಾವು ಪೆಟ್ರೋಲಿಗೆ ಬೆರೆಸುವ ಟೂಟಿ (2T) ಆಯಿಲ್‌ಗೆ ಬಣ್ಣ ಇದೆ, ಹಾಗಾಗಿ ಬಿಳಿ ಪುಡಿ ಮೇಲೆ ಒಂದು ಹನಿ ಬಂದರೂ ಗೊತ್ತಾಗುತ್ತದೆ.

ಎಂಜಿನ್ನನ್ನು ಸ್ಟ್ಯಾಂಡಿಗೆ ನೆಟ್ಟಗೆ ಕಟ್ಟಿ ಪೈಪ್ ಸಿಕ್ಕಿಸಿ ಬಲ್ಬ್ ಒತ್ತಿದೆ. ಸರಿಯಿದ್ದರೆ ಆರೇಳು ಸಲ ಒತ್ತುವುದರೊಳಗೆ ಬಲ್ಬ್ ಗಟ್ಟಿಯಾಗಬೇಕು, ಒಳಗೆ ಬಟ್ಟಲು ತುಂಬಿ ಬಾಗಿಲು ಮುಚ್ಚಿಕೊಂಡಿತು ಅಂತ ಅರ್ಥ. ನಮ್ಮದು ಇಪ್ಪತ್ತು ಸಲ ಒತ್ತಿದರೂ ಮೆತ್ತಗೇ ಇತ್ತು. ಪುಡಿ ಎರಡು ಕಡೆ ಬಣ್ಣ ತಿರುಗಿತು. ಒಂದು, ಕನೆಕ್ಟರಿನ ಬಾಯಿ. ಇದು ಸುಲಭ, ಒಳಗಿನ ಓರಿಂಗ್ (ರಬ್ಬರ್ ಬಳೆ) ಸೀಳಿತ್ತು, ಅಂಥದೇ ಒಂದು ಡಬ್ಬಿಯಲ್ಲಿ ಇತ್ತು, ಹಾಕಿದೆ, ಹತ್ತು ನಿಮಿಷದ ಕೆಲಸ. ಇನ್ನೊಂದು ಕಾರ್ಬೊರೇಟರಿನ ಬಾಯಿ. ಗಾಳಿ ಎಳೆದುಕೊಳ್ಳುವ ಕಡೆಯಿಂದ ಪೆಟ್ರೋಲ್ ತೊಟ್ಟಿಕ್ಕಿ, ಕೆಳಗಿನ ಬಾಣಲೆಯಂಥ ಕವರಿಗೆ ಬಿದ್ದು, ಅಲ್ಲಿನ ತೂತಿನಿಂದ ಹೊರಗೆ ಹೋಗುತ್ತಿತ್ತು. ಬಟ್ಟಲಿನ ಪ್ಯಾಕಿಂಗ್ ಹತ್ತಿರದ ಪುಡಿ ಮಾತ್ರ ಬೆಳ್ಳಗೇ ಇತ್ತು. ಇದನ್ನು ನೋಡಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಮೊದಲು ಪ್ಯಾಕಿಂಗನ್ನೇ ಬದಲಿಸಿ, ಸ್ಕ್ರೂ ಬಿಗಿದು ಬಿಗಿದು ಥ್ರೆಡ್ ಹಾಳು ಮಾಡುತ್ತಿದ್ದೆ.

ಕಾರ್ಬೊರೇಟರ್ ಒಳಗೆ ನಡೆಯುವುದು ಏನು ಅಂದರೆ, ಮನೆ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಇದೆಯಲ್ಲ, ಅದೇ. ಬಟ್ಟಲಿಗೆ ಪೆಟ್ರೋಲ್ ತುಂಬುತ್ತಿದ್ದ ಹಾಗೆ ಫ್ಲೋಟ್, ಅಂದರೆ ತೇಲುವ ಟೊಳ್ಳು ಡಬ್ಬಿ, ಮೇಲೇರುತ್ತದೆ. ಫ್ಲೋಟಿನ ನಾಲಗೆ ಒಂದು ಸೂಜಿಯನ್ನು ಮೇಲೆ ಒತ್ತುತ್ತದೆ, ಸೂಜಿಯ ಚೂಪು ತುದಿ ಹಿತ್ತಾಳೆ ಸೀಟಿನಲ್ಲಿ ಕೂತು ದಾರಿ ಮುಚ್ಚುತ್ತದೆ. ಆ ಸೂಜಿಗೆ ನಮ್ಮ ಕಡೆ ಗ್ಯಾರೇಜಿನವರು ಫ್ಲೋಟ್ ಪಿನ್ ಅಂತಲೇ ಹೇಳುವುದು. ಅದು ಮುಚ್ಚದಿದ್ದರೆ ಬಟ್ಟಲು ತುಂಬಿ ಬಾಯಿಂದ ಉಕ್ಕುತ್ತದೆ. ಮೆಕ್ಯಾನಿಕ್ಕುಗಳು ಓವರ್‌ಫ್ಲೋ ಅನ್ನುವುದು ಇದಕ್ಕೆ.

ಬಿಚ್ಚುವುದಕ್ಕೆ ಮೊದಲು ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆದೆ, ಚೋಕಿನ ಕಡ್ಡಿ ಎಲ್ಲಿ ಸಿಕ್ಕಿಸಿದೆ, ಆಕ್ಸಿಲರೇಟರ್ ಕಡ್ಡಿ ಎಲ್ಲಿ ಅಂತ. ಎರಡು ನಟ್ಟು, ಎರಡು ಕಡ್ಡಿ, ಒಂದು ಪೈಪು, ಅಷ್ಟೇ, ಕೈಗೆ ಬಂತು. ಬಟ್ಟಲಿನ ನಾಲ್ಕು ಸ್ಕ್ರೂಗಳಲ್ಲಿ ಒಂದು ಹಠ ಹಿಡಿಯಿತು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯೆಲ್ಲ ಹಾಗೇ ಇಟ್ಟೆ, ಬೆಳಿಗ್ಗೆ ಸ್ಕ್ರೂ ಡ್ರೈವರ್ ಗಟ್ಟಿಯಾಗಿ ಕೂರಿಸಿ ಹಿಂದೆ ಸುತ್ತಿಗೆಯಿಂದ ಮೆಲ್ಲಗೆ ಎರಡು ಏಟು ಕೊಟ್ಟು ತಿರುಗಿಸಿದರೆ ಟಕ್ ಎಂದು ಬಿಟ್ಟಿತು.

ಬಟ್ಟಲು ತೆಗೆದ ಕೂಡಲೇ ಮಳೆಗಾಲದ ನಾಲ್ಕು ತಿಂಗಳು ಅಲ್ಲೇ ಕಂಡಿತು. ಪೆಟ್ರೋಲ್ ಒಣಗಿ ಕಂದು ಬಣ್ಣದ ಅಂಟಾಗಿ ಹಲಸಿನ ಮೇಣದ ಹಾಗೆ ತಳಕ್ಕೆ ಹತ್ತಿತ್ತು. ಒಂದು ಮೂಲೆಯಲ್ಲಿ ಅಲ್ಯೂಮಿನಿಯಂ ಕೊರೆದು ಬಿಳಿ ಪುಡಿ ಬಂದಿತ್ತು. ತಳದಲ್ಲಿ ಉಳಿದಿದ್ದ ಹೊಸ ಪೆಟ್ರೋಲಿನ ಅಡಿಯಲ್ಲಿ ನೀರಿನ ಮೂರು ಹನಿಗಳು, ಬಟ್ಟಲು ಓರೆ ಮಾಡಿದರೆ ಕೆಸುವಿನ ಎಲೆ ಮೇಲೆ ಓಡುವ ಹಾಗೆ ಆ ಕಡೆ ಈ ಕಡೆ ಓಡುತ್ತಿದ್ದವು. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಒಂದು ಮಿತಿ ದಾಟಿದರೆ ನೀರೂ ಎಥೆನಾಲೂ ಒಟ್ಟಾಗಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿ ಇಟ್ಟ ಬಟ್ಟೆಗೇ ಬೂಸ್ಟು ಹಿಡಿಯುತ್ತೆ, ಇನ್ನು ತೆರೆದ ಬಟ್ಟಲಿನ ಪೆಟ್ರೋಲ್ ಕೇಳಬೇಕಾ? ಜೂನ್‌ನಲ್ಲಿ ಎತ್ತಿಡುವಾಗ ಪೈಪ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ಬಟ್ಟಲಿನ ಅಡಿಯ ಸ್ಕ್ರೂ ಬಿಚ್ಚಿ ಉಳಿದಿದ್ದನ್ನೂ ಇಳಿಸಬೇಕಿತ್ತು. ಈ ವರ್ಷ ಮಳೆ ಬೇಗ ಹಿಡಿದ ಗಡಿಬಿಡಿಯಲ್ಲಿ ಅದನ್ನು ಮಾಡಿರಲಿಲ್ಲ.

ಫ್ಲೋಟ್ ಕೂರುವ ಸಣ್ಣ ಕಡ್ಡಿ ಎಳೆದು ಫ್ಲೋಟ್ ತೆಗೆದೆ. ಮೊದಲು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಪೆಟ್ರೋಲ್ ಹೋಗಿದ್ದರೆ ತುಳುಕುವ ಸದ್ದು ಬರುತ್ತದೆ, ಅಂಥ ಫ್ಲೋಟ್ ತೇಲುವುದಿಲ್ಲ. ಸದ್ದಿರಲಿಲ್ಲ. ಆದರೂ ಅನುಮಾನ ಬೇಡ ಅಂತ ಲೋಟದಲ್ಲಿ ಬಿಸಿ ನೀರು ತರಿಸಿ ಮುಳುಗಿಸಿ ಹಿಡಿದೆ. ತೂತಿದ್ದರೆ ಒಳಗಿನ ಗಾಳಿ ಹಿಗ್ಗಿ ಗುಳ್ಳೆ ಬರಬೇಕು. ಬರಲಿಲ್ಲ. ಫ್ಲೋಟ್ ಚೆನ್ನಾಗಿದೆ.

ಇನ್ನು ಸೂಜಿ. ಅಪ್ಪಯ್ಯ ಪಂಚಾಂಗ ನೋಡುವ ಭೂತಗನ್ನಡಿ ತಂದು ಬಿಸಿಲಿಗೆ ಹಿಡಿದು ನೋಡಿದೆ. ತುದಿಯಲ್ಲಿ ಕಪ್ಪು ರಬ್ಬರಿನ ಶಂಕು ಇರುತ್ತದೆ, ಅದು ನುಣ್ಣಗಿರಬೇಕು. ನಮ್ಮದರಲ್ಲಿ ಸುತ್ತಲೂ ಉಂಗುರ ಹಾಕಿದ ಹಾಗೆ ಒಂದು ಗೆರೆ ಬಿದ್ದಿತ್ತು, ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಆಳ. ಒಂದು ಪಕ್ಕ ಗೆರೆ ಅಗಲ, ಇನ್ನೊಂದು ಪಕ್ಕ ಸಣ್ಣ. ಅಂದರೆ ಸೂಜಿ ನೇರ ಕೂರದೆ ಓರೆಯಾಗಿ ಕೂತು ಸವೆದಿದೆ.

ಅದು ಓರೆಯಾಗಿ ಯಾಕೆ ಕೂರಬೇಕು? ಫ್ಲೋಟ್ ವಾಪಸ್ ಹಾಕಿ ಕಾರ್ಬೊರೇಟರ್ ತಲೆಕೆಳಗೆ ಮಾಡಿ ನೋಡಿದೆ. ಆಗ ಕಂಡಿತು. ಸೂಜಿಯನ್ನು ಒತ್ತುವ ಹಿತ್ತಾಳೆ ನಾಲಗೆಯನ್ನು ಹಿಂದೆ ಯಾರೋ ಇಕ್ಕಳದಲ್ಲಿ ಬಗ್ಗಿಸಿದ್ದರು. ಇಕ್ಕಳದ ಹಲ್ಲಿನ ಗುರುತು ಹಾಗೇ ಇತ್ತು. ಯಾಕೆ ಬಗ್ಗಿಸಿದ್ದಾರೆ ಅನ್ನುವುದೂ ಅರ್ಥವಾಯಿತು. ಸೂಜಿ ಸವೆದು ಸೋರಲು ಶುರುವಾದಾಗ, ನಾಲಗೆ ಸ್ವಲ್ಪ ಬಗ್ಗಿಸಿದರೆ ಫ್ಲೋಟ್ ಅರ್ಧ ಏರುವಾಗಲೇ ಸೂಜಿ ಜೋರಾಗಿ ಒತ್ತಲ್ಪಟ್ಟು ಸೋರಿಕೆ ನಿಲ್ಲುತ್ತದೆ. ಸ್ಕೂಟರಿಗೂ ಹೀಗೆ ಮಾಡುವವರಿದ್ದಾರೆ. ನನಗೆ ಇದರ ಮೇಲೆ ತುಂಬ ಸಿಟ್ಟಿದೆ, ಕಾರಣ ಹೇಳುತ್ತೇನೆ. ಹಾಗೆ ಮಾಡಿದರೆ ಬಟ್ಟಲಲ್ಲಿ ಪೆಟ್ರೋಲಿನ ಮಟ್ಟ ಯಾವಾಗಲೂ ಕಡಿಮೆ ಇರುತ್ತದೆ, ಎಂಜಿನ್ನಿಗೆ ಗಾಳಿ ಜಾಸ್ತಿ ಪೆಟ್ರೋಲ್ ಕಡಿಮೆ ಹೋಗುತ್ತದೆ. ಫೋರ್ ಸ್ಟ್ರೋಕ್ ಬೈಕಿನಲ್ಲಾದರೆ ಬಿಸಿಯಾಗುತ್ತೆ, ಪಿಕಪ್ ಹೋಗುತ್ತೆ. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ನಿಗೆ ಹೋಗುವ ಆಯಿಲ್ ಇರುವುದೇ ಆ ಪೆಟ್ರೋಲಿನ ಒಳಗೆ. ಪೆಟ್ರೋಲ್ ಕಡಿಮೆಯಾದರೆ ಆಯಿಲ್ಲೂ ಕಡಿಮೆ. ಪಿಸ್ಟನ್ ಹಿಡಿದುಕೊಳ್ಳುವುದು ಹೀಗೆಯೇ. ಅದೂ ಎಲ್ಲಿ, ಹಿನ್ನೀರಿನ ನಡುವೆ, ಮುಳುಗಿದ ಕಾಡಿನ ಬೊಡ್ಡೆಗಳ ಮೇಲೆ, ದೋಣಿಯಲ್ಲಿ ಆರು ಜನ ಕೂತಿರುವಾಗ. ಹೋದ ವರ್ಷ ಪೂರ್ತಿ ವೇಗದಲ್ಲಿ ಹೋಗುವಾಗ ಎಂಜಿನ್ ಆಗಾಗ ಉಸಿರು ಕಟ್ಟಿದ ಹಾಗೆ ಮಾಡುತ್ತಿತ್ತು. ಪ್ಲಗ್ ತೆಗೆದರೆ ಬೆಳ್ಳಗೆ ಇರುತ್ತಿತ್ತು, ಪೆಟ್ರೋಲ್ ಕಡಿಮೆ ಹೋಗುತ್ತಿದೆ ಅನ್ನುವುದರ ಗುರುತು ಅದು. ಪೆಟ್ರೋಲೇ ಸರಿಯಿಲ್ಲ ಅಂದುಕೊಂಡಿದ್ದೆ. ಕಾರಣ ಇಲ್ಲಿತ್ತು.

ಸಾಗರದ ಪರಿಚಯದ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. "ಬೈಕಿನ ಪಿನ್ ಒಂದು ತಂದು ಹಾಕಿ ನೋಡಿ ಮಾರಾಯ್ರೆ, ಕೂತರೂ ಕೂರಬಹುದು" ಅಂದರು. ಉದ್ದ ಒಂದೇ ಇದ್ದರೂ ತುದಿಯ ಓರೆ ಬೇರೆ ಇದ್ದರೆ ಮತ್ತೆ ಅದೇ ಪಾಡು. ಔಟ್‌ಬೋರ್ಡ್ ಸಾಮಾನು ಘಟ್ಟದ ಮೇಲೆ ಸಿಗುವುದು ಕಷ್ಟ, ಕರಾವಳಿಯ ಮೀನುಗಾರಿಕೆ ದೋಣಿಗಳ ಕಡೆಯೇ ಹೋಗಬೇಕು. ತಮ್ಮ ಆವತ್ತೇ ಬಸ್ಸು ಹತ್ತಿ ಜೋಗದ ಮೇಲೆ ಹೊನ್ನಾವರಕ್ಕೆ ಇಳಿದ. ಹಳೇ ಸೂಜಿಯನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಕಳಿಸಿದ್ದೆ, ಅಂಗಡಿಯವರು ಅದನ್ನು ನೋಡಿಯೇ ಸರಿಯಾದ್ದನ್ನು ಕೊಟ್ಟರು, ಜೊತೆಗೆ ಬಟ್ಟಲಿನ ಪ್ಯಾಕಿಂಗ್. ನಮ್ಮ ಶರಾವತಿ ಸಮುದ್ರ ಸೇರುವುದು ಅದೇ ಹೊನ್ನಾವರದಲ್ಲಿ. ನದಿ ಇಳಿದ ದಾರಿಯಲ್ಲೇ ಇಳಿದು ಸಾಮಾನು ತಂದ ಅಂತ ಅಪ್ಪಯ್ಯನಿಗೆ ಅದೊಂದು ಖುಷಿ.

ಅವನು ಬರುವುದರೊಳಗೆ ನಾನು ಕ್ಲೀನಿಂಗ್ ಮುಗಿಸಿದೆ. ಜೆಟ್‌ಗಳನ್ನು (ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡುಗಳು) ಬಿಚ್ಚಿ ಕಾರ್ಬೊರೇಟರ್ ಸ್ಪ್ರೇ ಹೊಡೆದು, ಬೆಳಕಿಗೆ ಹಿಡಿದು ತೂತು ದುಂಡಗೆ ಕಾಣುವ ತನಕ ಮತ್ತೆ ಮತ್ತೆ ಊದಿದೆ. ತಂತಿ, ಗುಂಡುಸೂಜಿ ತೂರಿಸಲೇಬಾರದು, ಹಿತ್ತಾಳೆ ಮೆತ್ತಗೆ, ಕೂದಲಷ್ಟು ದೊಡ್ಡದಾದರೂ ಲೆಕ್ಕ ತಪ್ಪುತ್ತದೆ. ನಿಧಾನ ಓಟದ ಮಿಶ್ರಣ ಹೊಂದಿಸುವ ಪೈಲಟ್ ಸ್ಕ್ರೂ ಬಿಚ್ಚುವ ಮೊದಲು ಒಳಗೆ ಎಷ್ಟು ಸುತ್ತು ಇತ್ತು ಅಂತ ಎಣಿಸಿ ಬರೆದಿಟ್ಟೆ. ಸೂಜಿಯ ಸೀಟನ್ನು ಈ ಎಂಜಿನ್ನಿನಲ್ಲಿ ಬದಲಿಸಲು ಬರುವುದಿಲ್ಲ, ಒತ್ತಿ ಕೂರಿಸಿದ್ದು. ಕಿವಿಗೆ ಹಾಕುವ ಹತ್ತಿಯ ಕಡ್ಡಿಗೆ ಹಿತ್ತಾಳೆ ಪಾಲಿಶ್ ಸ್ವಲ್ಪ ಸವರಿ, ಬೆರಳಲ್ಲೇ ತಿರುಗಿಸಿ ಉಜ್ಜಿದೆ. ಮೂರು ಕಡ್ಡಿ ಕಪ್ಪಾದವು, ನಾಲ್ಕನೆಯದು ಬೆಳ್ಳಗೆ ಬಂತು. ಎಮರಿ ಪೇಪರ್ ಹಾಕಿದ್ದರೆ ಗೀರು ಬಿದ್ದು ಸೀಟು ಸತ್ತೇ ಹೋಗುತ್ತಿತ್ತು.

ಹೊಸ ಸೂಜಿ ಹಾಕಿದ ಮೇಲೆ ನಾಲಗೆ ಸರಿ ಮಾಡುವ ಕೆಲಸ. ಕಾರ್ಬೊರೇಟರ್ ತಲೆಕೆಳಗೆ ಹಿಡಿದು, ಫ್ಲೋಟ್ ತನ್ನ ಭಾರದಲ್ಲೇ ಸೂಜಿಯ ಮೇಲೆ ಕೂರಲು ಬಿಟ್ಟು, ಪ್ಯಾಕಿಂಗ್ ಕೂರುವ ಮೈಯಿಂದ ಫ್ಲೋಟಿನ ತುದಿಗೆ ಅಳತೆ ಹಿಡಿಯಬೇಕು. ಸೂಜಿಯ ಹಿಂದಿನ ಸ್ಪ್ರಿಂಗನ್ನು ಒತ್ತಬಾರದು. ಎಷ್ಟಿರಬೇಕು ಅನ್ನುವುದು ಒಂದೊಂದು ಎಂಜಿನ್ನಿಗೆ ಒಂದೊಂದು, ಅದರ ಪುಸ್ತಕ ನೋಡಿಯೇ ಮಾಡಬೇಕು. ನಮ್ಮದು ಪುಸ್ತಕದ ಅಳತೆಗಿಂತ 3 ಮಿಲಿಮೀಟರ್ ತಪ್ಪಿತ್ತು. ಸಣ್ಣ ಇಕ್ಕಳದಲ್ಲಿ ಕೂದಲೆಳೆಯಷ್ಟೇ ಬಗ್ಗಿಸುವುದು, ಅಳೆಯುವುದು, ಮತ್ತೆ ಬಗ್ಗಿಸುವುದು. ಅರ್ಧ ಗಂಟೆ ಹೋಯಿತು. ಕೊನೆಗೆ ಎರಡು ಕಡೆಯ ಫ್ಲೋಟೂ ಒಂದೇ ಮಟ್ಟಕ್ಕೆ ಬಂದವು.

ಎಂಜಿನ್ನಿಗೆ ಕಟ್ಟುವ ಮೊದಲು ಒಂದು ಪರೀಕ್ಷೆ. ತಲೆಕೆಳಗೆ ಹಿಡಿದೇ, ಪೆಟ್ರೋಲ್ ಬರುವ ಮೂತಿಗೆ ಶುದ್ಧವಾದ ಪೈಪ್ ಸಿಕ್ಕಿಸಿ ಸಿರಿಂಜಿನಿಂದ ಗಾಳಿ ಒತ್ತಿದೆ. ಒಂದಿಷ್ಟೂ ಹೋಗಲಿಲ್ಲ, ಸಿರಿಂಜಿನ ಕಡ್ಡಿ ವಾಪಸ್ ತಳ್ಳಿತು. ಫ್ಲೋಟ್ ಎತ್ತಿದರೆ ಉಸ್ ಅಂತ ಹೋಯಿತು. ಎಲ್ಲ ಜೋಡಿಸಿ, ಬಲ್ಬ್ ಒತ್ತಿದೆ. ಒಂದು, ಎರಡು, ಮೂರು, ನಾಲ್ಕು, ಐದಕ್ಕೆ ಕಲ್ಲಿನ ಹಾಗೆ ಗಟ್ಟಿ. ಕೆಳಗೆ ಪೇಪರ್ ಒಣಗಿಯೇ ಇದೆ. ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿ ಎಂಜಿನ್ ಇಳಿಸಿ (ನೀರಿಲ್ಲದೆ ಓಡಿಸಿದರೆ ತಂಪು ಮಾಡುವ ನೀರಿನ ಪಂಪಿನ ರಬ್ಬರ್ ಸುಟ್ಟು ಹೋಗುತ್ತದೆ) ಎರಡನೇ ಎಳೆತಕ್ಕೆ ಸ್ಟಾರ್ಟ್ ಆಯಿತು. ಸದ್ದೇ ಬೇರೆ, ತುಂಬಿದ ಸದ್ದು.

ಇಲ್ಲಿಗೆ ಮುಗಿಯಿತು ಅಂತ ಬರೆಯಬಹುದಿತ್ತು. ಆದರೆ ಮೊದಲ ಪ್ರಶ್ನೆ ಹಾಗೇ ಉಳಿದಿತ್ತಲ್ಲ. ಬಲ್ಬ್ ಒತ್ತಿದಾಗ ಸೋರುವುದು ಸರಿ, ಯಾರೂ ಒತ್ತದೆ ಕೆಳಗಿನ ಟ್ಯಾಂಕಿನಿಂದ ಮೇಲೆ ಹತ್ತಿದ್ದು ಹೇಗೆ?

ಮೂರನೇ ದಿನ ದೋಣಿಗೆ ಕಟ್ಟಿ, ಆಚೆ ದಡಕ್ಕೆ ಹೋಗಿ ಬಂದು, ಮಧ್ಯಾಹ್ನ ಒಂದು ಗಂಟೆಗೆ ಯಾವತ್ತಿನ ಹಾಗೆ ಕಟ್ಟಿದೆವು. ಅಪ್ಪಯ್ಯ ಯಾವತ್ತಿನ ಹಾಗೆ ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿಯ ಸ್ಕ್ರೂ ತಿರುಗಿಸಿ ಮುಚ್ಚಿದರು, ಇಬ್ಬನಿ ಒಳಗೆ ಹೋಗಬಾರದು ಅಂತ. ನಾನು ಅಡಿಗೆ ಪೇಪರ್ ಹಾಸಿ ದಡದಲ್ಲೇ ಕೂತೆ. ಬಿಸಿಲು ಸುಡುತ್ತಿತ್ತು. ಮುಕ್ಕಾಲು ಗಂಟೆ ಬಿಟ್ಟು ಟ್ಯಾಂಕ್ ಮುಟ್ಟಿದರೆ ಕೈ ಇಡಲು ಆಗುವುದಿಲ್ಲ, ಪ್ಲಾಸ್ಟಿಕ್ಕಿನ ಬದಿಗಳು ಉಬ್ಬಿವೆ. ಬಲ್ಬ್ ಯಾರೂ ಮುಟ್ಟದೆಯೇ ಗಟ್ಟಿಯಾಗಿದೆ. ಪೇಪರಿನ ಮೇಲೆ ಒಂದು ರೂಪಾಯಿಯಷ್ಟು ಅಗಲದ ಕಲೆ.

ಗಾಳಿಯ ಸ್ಕ್ರೂ ಸ್ವಲ್ಪ ಸಡಿಲ ಮಾಡಿದೆ. ಬುಸ್ಸ್ ಅಂತ ಗಾಳಿ ಹೊರಗೆ ಬಂತು, ಬಲ್ಬ್ ಮೆತ್ತಗಾಯಿತು, ಹನಿ ನಿಂತಿತು.

ಅಷ್ಟೇ ವಿಷಯ. ಮುಚ್ಚಿದ ಟ್ಯಾಂಕ್ ಬಿಸಿಲಿಗೆ ಕಾದರೆ ಒಳಗಿನ ಆವಿ ಹಿಗ್ಗಿ ಪೆಟ್ರೋಲನ್ನು ಪೈಪಿನಲ್ಲಿ ತಳ್ಳುತ್ತದೆ. ಹೊಸ ಸೂಜಿಯನ್ನೇ ಆ ಒತ್ತಡ ಇಷ್ಟಿಷ್ಟು ಸರಿಸಿತು ಅಂದರೆ, ಸವೆದ ಸೂಜಿ ಇದ್ದಾಗ ರಾತ್ರಿಯೊಳಗೆ ಎಷ್ಟು ಹೋಗಿರಬೇಡ! ಹಾಗಂತ ಸ್ಕ್ರೂ ಪೂರ್ತಿ ತೆರೆದೇ ಇಟ್ಟರೆ ಅಪ್ಪಯ್ಯ ಹೇಳಿದ ಹಾಗೆ ತೇವ ಒಳಗೆ ಹೋಗುತ್ತದೆ, ಅದರ ಫಲ ಬಟ್ಟಲಿನಲ್ಲಿ ನೋಡಿಯೇ ಆಗಿದೆ. ಹಾಗಾಗಿ ಈಗ ದಡ ಮುಟ್ಟಿದ ಕೂಡಲೇ ಎಂಜಿನ್ನಿನ ಕಡೆಯ ಪೈಪ್ ತೆಗೆಯುತ್ತೇವೆ, ಆಮೇಲೆ ಸ್ಕ್ರೂ ಮುಚ್ಚಿ, ಟ್ಯಾಂಕನ್ನು ಎತ್ತಿಕೊಂಡು ಬಂದು ನೇರಳೆ ಮರದ ನೆರಳಿನ ಗೂಡಿನಲ್ಲಿ ಇಡುತ್ತೇವೆ. ಓಡಿಸುವಾಗ ಸ್ಕ್ರೂ ತೆರೆದಿರಲೇಬೇಕು, ಇಲ್ಲದಿದ್ದರೆ ಒಳಗೆ ಗಾಳಿ ಹೋಗದೆ ಪೆಟ್ರೋಲ್ ಬರುವುದೇ ನಿಂತುಬಿಡುತ್ತದೆ. ಮರೆಯಬಾರದು ಅಂತ ತಮ್ಮ ಸ್ಕ್ರೂವಿಗೆ ಕೆಂಪು ದಾರ ಕಟ್ಟಿದ್ದಾನೆ.

ಇವತ್ತಿಗೆ ಹನ್ನೆರಡು ದಿನ. ಪ್ಲಗ್ ತೆಗೆದು ನೋಡಿದೆ, ಒಣಗಿದ ಅಡಿಕೆ ಸಿಪ್ಪೆಯ ಬಣ್ಣ ಬಂದಿದೆ. ಪೂರ್ತಿ ವೇಗದಲ್ಲಿ ಉಸಿರು ಕಟ್ಟುವುದು ನಿಂತಿದೆ. ನಿನ್ನೆ ಅಡಿಕೆ ಕೊನೆ ತೆಗೆಯುವ ಕೊನೆಗೌಡರನ್ನೂ ನಾಲ್ಕು ಆಳುಗಳನ್ನೂ ಕೂರಿಸಿಕೊಂಡು ಎರಡು ಸಲ ಹೋಗಿ ಬಂದೆವು. ಬಟ್ಟಲಿನ ಅಡಿಯ ಸ್ಕ್ರೂವಿನ ವಾಷರ್ ಮಾತ್ರ ಹಳೆಯದೇ ಇದೆ, ಮುಂದಿನ ಸಲ ಯಾರಾದರೂ ಹೊನ್ನಾವರಕ್ಕೆ ಹೋದಾಗ ತರಿಸಬೇಕು. ಬೆಳಿಗ್ಗೆ ದಣಪೆ ತೆಗೆದೆ. ದನ ನೀರಿಗೆ ಇಳಿದವು.